ಹೊಸಬರ ಜೊತೆ ಹಕ್ಕಿ ನೋಡುವುದು ಹೇಗೆ: ಕೊಡಗಿನ ತೋಟಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಭಾನುವಾರ ಬೆಳಗ್ಗೆ ನಾಲ್ಕು ಜನ ಬೈನಾಕ್ಯುಲರ್ ಹಿಡಿದು ತೋಟಕ್ಕೆ ಇಳಿದರೆ, ಮುಂದಿನ ವಾರ ಇನ್ನಿಬ್ಬರು ‘ನಾವೂ ಬರಬಹುದಾ?’ ಅಂತ ಕೇಳುತ್ತಾರೆ. ಬರುತ್ತಾರೆ ಕೂಡ. ಅದರ ಮುಂದಿನ ವಾರ ಅವರ ಪತ್ತೆ ಇರುವುದಿಲ್ಲ. ಯಾಕೆ? ಹಕ್ಕಿ ಕಾಣಲಿಲ್ಲ ಅಂತ ಯಾರೂ ಬಿಡುವುದಿಲ್ಲ, ಕೊಡಗಿನಲ್ಲಿ ಹಕ್ಕಿಗೇನು ಬರ? ಗುಂಪಿನ ನಡುವೆ ನಿಂತು ‘ಇಲ್ಲಿ ನಾನೊಬ್ಬನೇ ದಡ್ಡ’ ಅಂತ ಅನ್ನಿಸಿದಾಗ ಬಿಡುತ್ತಾರೆ.

ಇದು ಮುಖ್ಯವಾಗಿ ಗುಂಪು ಕರೆದುಕೊಂಡು ಹೋಗುವ ಹಳಬರಿಗಾಗಿ ಬರೆದದ್ದು. ಕೊನೆಯ ಕಡೆ ಹೊಸಬರಿಗೂ ಒಂದಿಷ್ಟು ಇದೆ. ನಾನು ಹೇಳಬೇಕಾದ್ದು ಬಹುಪಾಲು ಇಷ್ಟೇ: ಹೊಸಬರಿಗೆ ಹಕ್ಕಿಯ ಹೆಸರು ಹೇಳುವುದನ್ನು ಕಮ್ಮಿ ಮಾಡಿ, ಅವರೇ ಗುರುತು ಹಿಡಿಯುವ ಅವಕಾಶವನ್ನು ಜಾಸ್ತಿ ಮಾಡಿ. ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವ ವಿವರ.

ಹೆಜ್ಜೆ 1: ಯಾರಿಗೆ ಏನು ಗೊತ್ತು ಅಂತ ಮೊದಲು ತಿಳಿಯಿರಿ

‘ಬಿಗಿನರ್’, ‘ಎಕ್ಸ್‌ಪರ್ಟ್’ ಅಂತ ಎರಡು ಡಬ್ಬಿ ಮಾಡಿ ಜನರನ್ನು ಅದರೊಳಗೆ ಹಾಕುವುದು ಸುಲಭ. ಆದರೆ ತೋಟದೊಳಗೆ ಹೋದ ಮೇಲೆ ಆ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ವರ್ಷಗಟ್ಟಲೆ ಬಾತುಕೋಳಿ ನೋಡಿದವರು ಕೊಡಗಿನ ನೆರಳು ಮರಗಳ ಕೆಳಗೆ ನಿಂತರೆ ತಬ್ಬಿಬ್ಬಾಗುತ್ತಾರೆ. ಇಲ್ಲಿ ಹಕ್ಕಿ ಕಾಣುವುದಕ್ಕಿಂತ ಕೇಳಿಸುವುದು ಜಾಸ್ತಿ. ಇನ್ನೊಬ್ಬರು ನೂರಾರು ಹಕ್ಕಿಗಳ ಒಳ್ಳೊಳ್ಳೆ ಫೋಟೋ ತೆಗೆದಿರುತ್ತಾರೆ, ಆದರೆ ಕೂಗು ಕೇಳಿದರೆ ಯಾವುದೆಂದು ಹೇಳಲಾರರು.

ಇದಕ್ಕೆ ತದ್ವಿರುದ್ಧವಾಗಿ ತೋಟದ ರೈಟರ್ (ಕೆಲಸದ ಉಸ್ತುವಾರಿ, ಲೆಕ್ಕ ನೋಡುವವರು) ಇರುತ್ತಾರೆ. ಒಂದು ಇಂಗ್ಲಿಷ್ ಹೆಸರೂ ಗೊತ್ತಿರುವುದಿಲ್ಲ. ಆದರೆ ಯಾವ ಬಸರಿ ಮರ ಯಾವಾಗ ಹಣ್ಣಾಗುತ್ತದೆ, ಮಂಗಟ್ಟೆಗಳು (ಹಾರ್ನ್‌ಬಿಲ್) ಯಾವ ಹೊತ್ತಿಗೆ ಎಲ್ಲಿಂದ ಬಂದು ಕೂರುತ್ತವೆ ಅನ್ನುವುದು ಬಾಯಿಪಾಠ. ಹಿಂದೆ ಬೇಟೆಗೆ ಹೋಗುತ್ತಿದ್ದ ಅಜ್ಜಂದಿರೂ ಹಾಗೇ. ಬೇಟೆ ನಿಂತು ಎಷ್ಟೋ ಕಾಲವಾಯಿತು, 1972ರ ವನ್ಯಜೀವಿ ಕಾಯ್ದೆ ಬಂದ ಮೇಲಿನ ಕಥೆ ಬೇರೆ. ಆದರೂ ಕಾಡುಕೋಳಿ ಯಾವ ತೋಡಿನ (ಚಿಕ್ಕ ಹಳ್ಳದ) ಬದಿಯಲ್ಲಿ ಮೇಯುತ್ತದೆ ಅನ್ನುವ ಅವರ ನೆನಪು ಅಳಿಸಿಲ್ಲ. ಇಲ್ಲಿನ ಬುಡಕಟ್ಟಿನವರಾದ ಜೇನುಕುರುಬರು ಮತ್ತು ಯರವರಲ್ಲಿ ಹಲವರಿಗೆ ಕಾಡಿನ ಸದ್ದು ಓದುವುದು ದಿನನಿತ್ಯದ ವಿಷಯ. ಇವರನ್ನೆಲ್ಲ ‘ಲೋಕಲ್ ಗೈಡ್’ ಅಂತ ಒಂದು ಕಡೆ ನಿಲ್ಲಿಸಿ, ಹೆಸರು ಪಟಪಟ ಹೇಳುವವರನ್ನು ಮಾತ್ರ ‘ಸರ್’ ಅನ್ನುವುದು ನಮ್ಮ ಹವ್ಯಾಸದ ಕೆಟ್ಟ ಚಾಳಿ.

ಹಾಗಾಗಿ ಶುರುವಿನಲ್ಲೇ ‘ಎಷ್ಟು ಲೈಫರ್ ಆಗಿದೆ?’ (ಈವರೆಗೆ ಎಷ್ಟು ಬಗೆಯ ಹಕ್ಕಿ ನೋಡಿದ್ದೀರಿ) ಅಂತ ಕೇಳಬೇಡಿ. ಮನೆ ಹತ್ತಿರ ದಿನಾ ಯಾವ ಹಕ್ಕಿ ಕಾಣುತ್ತದೆ? ಯಾವ ಕೂಗು ಗೊತ್ತು? ಹಿಂದೆ ಎಲ್ಲಿ ನೋಡಿದ್ದಾರೆ? ಇಷ್ಟು ಕೇಳಿ, ಸಾಕು. ಯಾರು ಯಾವ ವಿಷಯದಲ್ಲಿ ಹೊಸಬರು, ಯಾವುದರಲ್ಲಿ ಹಳಬರು ಅಂತ ಅದರಲ್ಲೇ ಗೊತ್ತಾಗುತ್ತದೆ.

ಹೆಜ್ಜೆ 2: ಹೊಸಬರಿಗೆ ಗೆಲುವು ಸಿಗುವ ಜಾಗ ಆರಿಸಿ

ಹಳಬರ ಆಸೆ ಯಾವಾಗಲೂ ಅಪರೂಪದ ಹಕ್ಕಿ ಕಡೆಗೆ. ಕಾಕರಣೆ (ಮಲಬಾರ್ ಟ್ರೋಗನ್) ನೋಡಬೇಕು, ನೀಲಗಿರಿ ಕಾಡುಪಾರಿವಾಳ ನೋಡಬೇಕು ಅಂತ ಹೊಸಬರನ್ನೂ ದಟ್ಟ ಕಾಡಿಗೆ ಎಳೆದುಕೊಂಡು ಹೋಗುತ್ತಾರೆ. ಮಾಕುಟ್ಟದ ಕಡೆಯ ಹಸಿರು ಕಾಡಿನಲ್ಲಿ ಮರದ ತುದಿ ಆಕಾಶದಲ್ಲಿ ಇರುತ್ತದೆ, ಹಕ್ಕಿ ಬೆಳಕಿಗೆ ಎದುರಾಗಿ ಕಪ್ಪಗೆ ಕಾಣುತ್ತದೆ. ಕತ್ತು ನೋಯುತ್ತದೆ. ಮೊದಲ ದಿನಕ್ಕೆ ಅದು ಬೇಡ. 1748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತುತ್ತಾ ಏದುಸಿರು ಬಿಡುವವರಿಗೆ ಹಕ್ಕಿ ಕಲಿಸುವುದೂ ಆಗದ ಮಾತು.

ತೋಟ ಮತ್ತು ಗದ್ದೆ ಸೇರುವ ಅಂಚು ಎಲ್ಲಕ್ಕಿಂತ ಒಳ್ಳೆಯದು. ಒಂದು ಕಡೆ ನೆರಳು ಮರ, ಇನ್ನೊಂದು ಕಡೆ ಬಯಲು, ನಡುವೆ ತೋಡು. ನಿಂತಲ್ಲೇ ಮೂರು ಬಗೆಯ ಹಕ್ಕಿ ಸಿಗುತ್ತವೆ. ಚಿಕ್ಲಿಹೊಳೆ ಜಲಾಶಯದ ದಡ, ಹಾರಂಗಿ ಹಿನ್ನೀರು, ಕುಶಾಲನಗರ ಕಡೆಯ ತೆರೆದ ಬಯಲು ಕೂಡ ಸುಲಭ. ನೀರುಕಾಗೆಯೂ ಬೆಳ್ಳಕ್ಕಿಯೂ ಓಡಿಹೋಗುವುದಿಲ್ಲ. ಹೊಸಬರು ಬೈನಾಕ್ಯುಲರ್ ಸರಿಮಾಡಿಕೊಳ್ಳುವವರೆಗೆ ಕೂತಿರುತ್ತವೆ.

ಹಣ್ಣಾದ ಅತ್ತಿಯೋ ಬಸರಿಯೋ ಗೋಳಿಯೋ ಸಿಕ್ಕಿದರೆ ನಡೆಯುವುದೇ ಬೇಡ, ಅಲ್ಲೇ ಕೂತುಬಿಡಿ. ಕುಟ್ರ (ಬಾರ್ಬೆಟ್), ಪಿಕಳಾರ (ಬುಲ್‌ಬುಲ್), ಬೆಟ್ಟದ ಮೈನಾ, ಹಸಿರು ಪಾರಿವಾಳ, ಅದೃಷ್ಟ ಇದ್ದರೆ ಮಂಗಟ್ಟೆ, ಎಲ್ಲ ಆ ಮರಕ್ಕೇ ಬಂದು ಹೋಗುತ್ತವೆ. ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ನೋಡಲು ಸಿಗುವುದೇ ಕಲಿಯುವವರಿಗೆ ಬೇಕಾದ್ದು. ಚಳಿಗಾಲದ ಕೊನೆಗೆ ಹಾಲುವಾಣ ಮರ ಕೆಂಪಗೆ ಹೂ ಬಿಟ್ಟಾಗಲೂ ಹೀಗೇ. ಸೂರಕ್ಕಿ, ಎಲೆಹಕ್ಕಿ, ಮೈನಾ, ಕಾಜಾಣಗಳ ಜಾತ್ರೆ.

ಕಾಲ ಅಂದರೆ, ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಮುಗಿದ ಮೇಲೆ ಮಾರ್ಚ್‌ವರೆಗೆ. ವಲಸೆ ಬಂದ ಹಕ್ಕಿಗಳೂ ಇರುತ್ತವೆ, ಜಿಗಣೆಯೂ ಕಮ್ಮಿ. ಡಿಸೆಂಬರ್-ಜನವರಿಯಲ್ಲಿ ಮಂಜು ಕವಿದಿದ್ದರೆ ಆರು ಗಂಟೆಗೆ ಹೋಗಿ ಚಳಿಯಲ್ಲಿ ನಡುಗುವುದರಿಂದ ಲಾಭವಿಲ್ಲ. ಬಿಸಿಲು ಮರದ ತುದಿಗೆ ತಾಗಿದ ಮೇಲೆ ಹಕ್ಕಿಗಳು ಚುರುಕಾಗುತ್ತವೆ.

ಆನೆಯ ವಿಷಯ ಮಾತ್ರ ತಮಾಷೆಯಲ್ಲ. ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ರಾತ್ರಿ ಬಂದ ಆನೆ ಬೆಳಗ್ಗೆಯೂ ಕಾಫಿ ಗಿಡದ ಮರೆಯಲ್ಲಿ ನಿಂತಿರಬಹುದು. ಹಿಂದಿನ ಸಂಜೆ ಮಾಲೀಕರಿಗೆ, ಬೆಳಗ್ಗೆ ಕೆಲಸಗಾರರಿಗೆ ಕೇಳಿ, ಚೆನ್ನಾಗಿ ಬೆಳಕು ಹರಿದ ಮೇಲೆ ಇಳಿಯಿರಿ. ಮಾಲೀಕರ ಒಪ್ಪಿಗೆ ಇಲ್ಲದೆ ತೋಟಕ್ಕೆ ಕಾಲಿಡಬೇಡಿ. ಕಾಫಿ ಕುಯ್ಲಿನ ದಿನಗಳಲ್ಲಿ ಕೆಲಸದವರ ಸಾಲಿಗೆ ಅಡ್ಡ ಬರಬೇಡಿ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಧಾಮಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಹೆಜ್ಜೆ 3: ಗುಂಪು ಚಿಕ್ಕದಿರಲಿ, ಜೋಡಿ ಮಾಡಿ

ಆರರಿಂದ ಎಂಟು ಜನ ಸಾಕು. ತೋಟದ ದಾರಿ ಕಿರಿದು. ಹದಿನೈದು ಜನ ಸಾಲಾಗಿ ನಡೆದರೆ ಮುಂದಿನವರು ಕಂಡ ಹಕ್ಕಿ ಹಿಂದಿನವರಿಗೆ ಬರೀ ಸುದ್ದಿ. ಒಬ್ಬ ಹಳಬರಿಗೆ ಒಬ್ಬ ಹೊಸಬರು, ಹೆಚ್ಚೆಂದರೆ ಇಬ್ಬರು. ಹೊಸಬರು ಮುಂದೆ ಇರಲಿ. ಮುನ್ನೂರು ಸಲ ನೋಡಿದ ಹಕ್ಕಿಯನ್ನು ನೀವು ಹಿಂದಿನಿಂದ ನೋಡಿದರೂ ನಡೆಯುತ್ತದೆ.

ಹೆಜ್ಜೆ 4: ಬೈನಾಕ್ಯುಲರ್ ಹಿಡಿಯುವುದನ್ನು ಕಲಿಸಿ

ಇದನ್ನು ಯಾರೂ ಕಲಿಸುವುದಿಲ್ಲ. ಕೈಗೆ ಕೊಟ್ಟು ‘ನೋಡಿ’ ಅಂದುಬಿಡುತ್ತಾರೆ. ಹೊಸಬರಿಗೆ ಎರಡು ಕಪ್ಪು ವೃತ್ತ ಕಾಣುತ್ತದೆ. ನಾಚಿಕೆಯಿಂದ ‘ಹಾಂ, ಕಾಣ್ತು’ ಅನ್ನುತ್ತಾರೆ. ಎಷ್ಟೋ ಜನರಿಗೆ ‘ನನ್ನ ಕಣ್ಣಿಗೆ ಇದು ಆಗಿಬರಲ್ಲ’ ಅಂತ ಅನ್ನಿಸುವುದು ಇಲ್ಲೇ.

ಹತ್ತು ನಿಮಿಷ ಇದಕ್ಕೇ ಮೀಸಲಿಡಿ. ಮೊದಲು ನಡುವಿನ ಕೀಲು ಬಗ್ಗಿಸಿ ಎರಡು ವೃತ್ತ ಒಂದಾಗುವಂತೆ ಮಾಡಲಿ. ಕನ್ನಡಕ ಇದ್ದರೆ ಕಣ್ಣಿನ ರಬ್ಬರ್ ಬಟ್ಟಲು ಒಳಗೆ, ಇಲ್ಲದಿದ್ದರೆ ಹೊರಗೆ. ಆಮೇಲೆ ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿಯ ಒಂದು ಎಲೆ ತೋರಿಸಿ. ಬಲಗಡೆಯ ಲೆನ್ಸ್ ಕೈಯಿಂದ ಮುಚ್ಚಿ, ಎಡಗಣ್ಣಿನಲ್ಲಿ ನೋಡುತ್ತಾ ನಡುವಿನ ಚಕ್ರ ತಿರುಗಿಸಿ ಎಲೆಯ ನರ ಸ್ಪಷ್ಟವಾಗಬೇಕು. ಈಗ ಎಡಗಡೆ ಮುಚ್ಚಿ, ಬಲಗಣ್ಣಿನ ಹತ್ತಿರ ಇರುವ ಚಿಕ್ಕ ಉಂಗುರ ತಿರುಗಿಸಿ ಅದೇ ಎಲೆ ಸ್ಪಷ್ಟ ಮಾಡಿಕೊಳ್ಳಲಿ. ನಡುವಿನ ಚಕ್ರ ಮುಟ್ಟಬಾರದು. ಆ ಉಂಗುರವನ್ನು ಇನ್ನು ಆ ದಿನ ಮತ್ತೆ ತಿರುಗಿಸುವ ಕೆಲಸವಿಲ್ಲ.

ಆಮೇಲೆ ಹಕ್ಕಿ ಹಿಡಿಯುವ ಅಭ್ಯಾಸ. ಬರಿಗಣ್ಣಿನಲ್ಲಿ ಹಕ್ಕಿಯನ್ನು ದಿಟ್ಟಿಸಿ, ದೃಷ್ಟಿ ಕದಲಿಸದೆ ಬೈನಾಕ್ಯುಲರ್ ಮೇಲೆತ್ತಿ ಕಣ್ಣಿಗೆ ಇಡಬೇಕು. ಕಣ್ಣಿಗೆ ಇಟ್ಟುಕೊಂಡು ಮರದ ತುಂಬಾ ಹುಡುಕಿದರೆ ಸಿಗುವುದು ಎಲೆ ಮಾತ್ರ.

ಹೊಸದಾಗಿ ಕೊಳ್ಳುವವರು ಕೇಳಿದರೆ 8x42 ಹೇಳಿ, ಅಂದರೆ ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸ್ 42 ಮಿಲಿಮೀಟರ್ ಅಗಲ ಇರುವಂಥದ್ದು. ‘10x ಇಲ್ಲದಿದ್ದರೆ ಏನು ಬರ್ಡಿಂಗ್’ ಅನ್ನುವವರು ಇದ್ದಾರೆ, ಅದು ಒಣ ಜಂಬ. 8x42ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿಲಿಮೀಟರ್, 10x42ರಲ್ಲಿ 4.2. ಮರದ ನೆರಳಿನಲ್ಲಿ, ಮಂಜು ಮುಸುಕಿದ ಬೆಳಗ್ಗೆ ಈ ವ್ಯತ್ಯಾಸ ಗೊತ್ತಾಗುತ್ತದೆ. ಮೇಲಾಗಿ 8xನಲ್ಲಿ ಕಾಣುವ ಜಾಗ ಅಗಲ, ಕೈ ನಡುಗುವುದೂ ಅಷ್ಟು ಗೊತ್ತಾಗದು.

ಹೆಜ್ಜೆ 5: ಹೆಸರು ಹೇಳುವ ಮೊದಲು ಪ್ರಶ್ನೆ ಕೇಳಿ

ಕೆಮ್ಮೀಸೆ ಪಿಕಳಾರದಿಂದಲೇ ಶುರು ಮಾಡಿ. ಕೊಡಗಿನಲ್ಲಿ ಇದಿಲ್ಲದ ಅಂಗಳ ಇಲ್ಲ. ಅದು ಗೇಟಿನ ಹತ್ತಿರ ಬಂದು ಕೂತಾಗ ಹಳಬರಲ್ಲಿ ಒಬ್ಬರು ‘ಬರೀ ಪಿಕಳಾರ, ನಡೀರಿ’ ಅನ್ನುತ್ತಾರೆ. ಅಲ್ಲಿಗೆ ಪಾಠ ಕೆಟ್ಟಿತು. ಹೊಸಬರಿಗೆ ಅರ್ಥವಾಗುವುದು ಇಷ್ಟು: ನನಗೆ ಚೆಂದ ಕಂಡಿದ್ದು ಇವರಿಗೆ ಲೆಕ್ಕಕ್ಕೇ ಇಲ್ಲ.

ನಿಲ್ಲಿಸಿ. ಕೇಳಿ: ಮೈನಾಕ್ಕಿಂತ ದೊಡ್ಡದಾ, ಚಿಕ್ಕದಾ? ತಲೆ ಮೇಲೆ ಏನಿದೆ? ನೆಟ್ಟಗೆ ನಿಂತ ಕಪ್ಪು ಜುಟ್ಟು. ಕೆನ್ನೆ? ಬಿಳಿ. ಕಣ್ಣಿನ ಹಿಂದೆ? ಕೆಂಪು ಚುಕ್ಕೆ. ಬಾಲದ ಬುಡದ ಕೆಳಗೆ? ಅಲ್ಲೂ ಕೆಂಪು. ಪಕ್ಕದಲ್ಲೇ ಕೆನ್ನೆ ಮೇಲೆ ಕೆಂಪಿಲ್ಲದ್ದು ಒಂದು ಕೂತಿದ್ದರೆ, ಅದು ಯಾಕೆ ಹಾಗೆ ಅಂತ ಅವರೇ ಕೇಳುತ್ತಾರೆ. ಅದು ಈ ವರ್ಷದ ಮರಿ, ಕೆಂಪು ಇನ್ನೂ ಬಂದಿಲ್ಲ. ಈಗ ಹೆಸರು ಹೇಳಿ. ಇನ್ನು ಅವರು ಆ ಹಕ್ಕಿಯನ್ನು ಮರೆಯುವುದಿಲ್ಲ. ಗದ್ದೆ ಕಡೆ ಹೋದಾಗ ಅದರ ದಾಯಾದಿ, ಕಪ್ಪು ತಲೆಯ, ಮೈಮೇಲೆ ಹುರುಪೆಯಂಥ ಗುರುತಿರುವ, ಹಾರುವಾಗ ಬಾಲದ ಮೇಲೆ ಬಿಳಿ ಕಾಣುವ ಇನ್ನೊಂದು ಪಿಕಳಾರ ಸಿಗುತ್ತದೆ. ‘ಇದು ಬೇರೆ ಅಲ್ವಾ?’ ಅಂತ ಹೊಸಬರೇ ಹೇಳುವ ಹೊತ್ತಿಗೆ ನಿಮ್ಮ ಕೆಲಸ ಅರ್ಧ ಮುಗಿದಿರುತ್ತದೆ.

ಹಳಬರಿಗೆ ಬೇಸರವಾಗುತ್ತದಾ? ಆಗಬೇಕಿಲ್ಲ. ಕಾಜಾಣವನ್ನೇ ತೆಗೆದುಕೊಳ್ಳಿ. ಗದ್ದೆಯ ತಂತಿ ಮೇಲೆ ಕೂತ ಕಪ್ಪು ಕಾಜಾಣ ಮೊದಲ ದಿನದವರಿಗೆ. ಚಳಿಗಾಲದಲ್ಲಿ ತೋಟದ ಮರದ ತುದಿಗೆ ಬರುವ, ಕೆಂಪು ಕಣ್ಣಿನ ಬೂದು ಕಾಜಾಣ ಸ್ವಲ್ಪ ಪಳಗಿದವರಿಗೆ. ಕಾಡಿನ ಅಂಚಿನ, ಮೈ ಮಿನುಗುವ ಚಿಕ್ಕ ಕಂಚು ಕಾಜಾಣ ಅದರ ಮೇಲಿನವರಿಗೆ. ಬಾಲದ ತುದಿಯಲ್ಲಿ ಎರಡು ಬಿಲ್ಲೆ ಹೊತ್ತ ಭೀಮರಾಜನನ್ನು ನೋಡಿ ಗುರುತಿಸಲು ಯಾರಿಗಾದರೂ ಆಗುತ್ತದೆ. ಆದರೆ ಅದು ಇನ್ನೊಂದು ಹಕ್ಕಿಯ ದನಿಯಲ್ಲಿ ಕೂಗುತ್ತಿರುವಾಗ ‘ಇದು ಅದಲ್ಲ’ ಅನ್ನಲು ಹಳಬರಿಗೂ ಕಷ್ಟ. ಒಂದೇ ತೋಟ, ಒಂದೇ ಬೆಳಗ್ಗೆ, ಎಲ್ಲರಿಗೂ ಕೆಲಸ ಇದೆ.

ಕುಟ್ರದಲ್ಲೂ ಹೀಗೇ ಮಾಡಬಹುದು. ‘ಕುಟ್ರೂ ಕುಟ್ರೂ’ ಎಲ್ಲರೂ ಹುಟ್ಟಿದಾಗಿನಿಂದ ಕೇಳಿದ್ದೇ, ನೋಡಿದವರು ಕಮ್ಮಿ. ಕಣ್ಣಿನ ಕೆಳಗೆ ಬಿಳಿ ಪಟ್ಟೆ ಇದ್ದರೆ ಬಿಳಿಗೆನ್ನೆಯದು. ಕಣ್ಣಿನ ಸುತ್ತ ಬರಿದಾದ ಹಳದಿ ಚರ್ಮ ಇದ್ದರೆ ಕಂದುತಲೆಯದು.

ಹೆಜ್ಜೆ 6: ಎಲ್ಲಿದೆ ಅಂತ ಸರಿಯಾಗಿ ಹೇಳಿ

‘ಅಲ್ಲಿ, ಅಲ್ಲಿ, ಆ ಮರದಲ್ಲಿ!’ ಸಿಲ್ವರ್ ಓಕ್ ತುಂಬಿದ ತೋಟದಲ್ಲಿ ಯಾವ ಮರ? ಗಡಿಯಾರದ ಲೆಕ್ಕ ಬಳಸಿ. ಮರದ ತುದಿ ಹನ್ನೆರಡು, ಬಲಗಡೆ ಮೂರು. ಅದಕ್ಕೂ ಮೊದಲು ಯಾವ ಮರ ಅಂತ ಗುರುತು ಕೊಡಿ: ‘ಹಲಸಿನ ಎಡಕ್ಕೆ ಎರಡನೇ ಸಿಲ್ವರ್ ಓಕ್, ಮೆಣಸು ಬಳ್ಳಿ ಮುಗಿಯುವ ಜಾಗದಿಂದ ಒಂದಾಳು ಮೇಲೆ, ಒಣ ಕೊಂಬೆ.’ ಎಲ್ಲರೂ ‘ಸಿಕ್ತು’ ಅನ್ನುವವರೆಗೆ ಮುಂದಿನ ಹಕ್ಕಿಗೆ ಹಾರಬೇಡಿ. ಬೆರಳು ಚಾಚಿ ಕೈ ಬೀಸಬೇಡಿ, ಹಕ್ಕಿ ಹಾರುತ್ತದೆ.

ಹೆಜ್ಜೆ 7: ತಪ್ಪು ಗುರುತಿಸಿದವರನ್ನು ತಿದ್ದುವುದು

ನಾಜೂಕಾದ ಜಾಗ ಇದೇ. ಉದಾಹರಣೆಗೆ, ಹೊಸಬರೊಬ್ಬರು ‘ಗ್ರೇಟ್ ಹಾರ್ನ್‌ಬಿಲ್!’ ಅಂತ ಕಿರುಚಿದರು ಅಂದುಕೊಳ್ಳಿ. ನಿಮಗೆ ಕಂಡಿದ್ದು ಮಲಬಾರ್ ಬೂದು ಮಂಗಟ್ಟೆ. ‘ಅಯ್ಯೋ, ಅದೆಲ್ಲಿಯ ಗ್ರೇಟ್’ ಅಂತ ನಗುವುದು ಮೊದಲು ಬಾಯಿಗೆ ಬರುತ್ತದೆ. ಅದನ್ನು ನುಂಗಿಕೊಂಡು ‘ಏನೇನು ನೋಡಿದಿರಿ?’ ಅಂತ ಕೇಳಿ.

ಅವರು ಹೇಳುತ್ತಾರೆ: ಉದ್ದ ಕೊಕ್ಕು, ಬೂದು ಮೈ. ಕೊಕ್ಕಿನ ಮೇಲೆ ಟೋಪಿಯಂಥದ್ದು ಇತ್ತಾ? ಇರಲಿಲ್ಲ. ರೆಕ್ಕೆಯ ನಡುವೆ ಬಿಳಿ ಪಟ್ಟೆ? ನೆನಪಿಲ್ಲ. ಹಾರುವಾಗ ದೂರಕ್ಕೂ ಕೇಳುವಂತೆ ರೆಕ್ಕೆಯ ಸದ್ದು ಬಂತಾ? ಇಲ್ಲ, ಆದರೆ ಯಾರೋ ನಕ್ಕ ಹಾಗೆ ಕೂಗಿತು. ಆಗ ಹೇಳಿ: ದೊಡ್ಡ ಮಂಗಟ್ಟೆಗೆ ಹಳದಿ ಟೋಪಿ ಇರುತ್ತದೆ, ಕತ್ತು ಬಿಳಿ, ಬಿಳಿ ಬಾಲಕ್ಕೆ ಅಡ್ಡಲಾಗಿ ಕಪ್ಪು ಪಟ್ಟೆ, ಮೈ ಸುಮಾರು ಒಂದು ಮೀಟರ್ ಉದ್ದ. ಬೂದು ಮಂಗಟ್ಟೆ ಅದರ ಅರ್ಧದಷ್ಟೂ ಇಲ್ಲ, ಟೋಪಿಯೂ ಇಲ್ಲ, ಮತ್ತೆ ಆ ನಗು ಅದರದ್ದೇ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಸಿಗುವುದಿಲ್ಲ ಅನ್ನುವುದನ್ನೂ ಸೇರಿಸಿ. ತಪ್ಪು ಹೇಳಿದವರಿಗೆ ತಾವು ನೋಡಿದ್ದು ಕಮ್ಮಿ ಹಕ್ಕಿಯಲ್ಲ ಅಂತ ಅನ್ನಿಸುತ್ತದೆ, ಅದು ನಿಜವೂ ಹೌದು.

ಇನ್ನೊಂದು ವಿಷಯ. ಕೆಲವು ಸಲ ಹೊಸಬರೇ ಸರಿ ಇರುತ್ತಾರೆ. ನೀವು ಬೇರೆ ಹಕ್ಕಿ ನೋಡಿರುತ್ತೀರಿ. ಪ್ರಶ್ನೆ ಕೇಳುವುದರಿಂದ ಅದೂ ಹೊರಬರುತ್ತದೆ. ಕತ್ತು ಕಪ್ಪು, ರೆಕ್ಕೆಯ ಅಂಚು ಮಾತ್ರ ಬಿಳಿ, ಬಾಲದ ಪಕ್ಕದ ಗರಿ ಬಿಳಿ ಅಂದರೆ ಅದು ಮೂರನೆಯದು, ಕಪ್ಪು-ಬಿಳಿ ಮಲಬಾರ್ ಪೈಡ್ ಮಂಗಟ್ಟೆ.

ಹಳಬರು ಎಲ್ಲರ ಮುಂದೆ ‘ಗೊತ್ತಿಲ್ಲ’ ಅನ್ನುವುದನ್ನು ರೂಢಿ ಮಾಡಿಕೊಳ್ಳಬೇಕು. ಇದಕ್ಕೆ ಎಲೆ ಉಲಿಯಕ್ಕಿಗಳಿಗಿಂತ (ಲೀಫ್ ವಾರ್ಬ್ಲರ್) ಒಳ್ಳೆ ಅವಕಾಶ ಸಿಗದು. ಚಳಿಗಾಲದಲ್ಲಿ ಮರದ ತುದಿಯಲ್ಲಿ ಹಸಿರು ಮಿಶ್ರಿತ ಚಿಕ್ಕ ಹಕ್ಕಿಗಳು ಎಲೆಯಿಂದ ಎಲೆಗೆ ಹಾರುತ್ತಿರುತ್ತವೆ. ಗ್ರೀನ್, ಗ್ರೀನಿಶ್, ಲಾರ್ಜ್ ಬಿಲ್ಡ್, ಎಲ್ಲ ಒಂದೇ ಥರ. ಕೂಗಿದರೆ ಸ್ವಲ್ಪ ಗೊತ್ತಾಗುತ್ತದೆ: ಗ್ರೀನಿಶ್ ಎರಡು ತುಂಡಾಗಿ ‘ಚಿ-ವೀ’, ಗ್ರೀನ್ ಮೂರು ತುಂಡಾಗಿ. ಕೂಗದಿದ್ದರೆ ‘ಉಲಿಯಕ್ಕಿ, ಯಾವುದೆಂದು ಗೊತ್ತಿಲ್ಲ’ ಅಂತ ಬರೆದು ಮುಂದೆ ಹೋಗಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ನ ಪಟ್ಟಿಯಲ್ಲೂ ಹಾಗೆ ಬರೆಯಲು ಜಾಗ ಇದೆ. ಗುಂಪಿನಲ್ಲಿ ಎಲ್ಲರಿಗಿಂತ ಪಳಗಿದವರು ಹೀಗೆ ಅಂದ ಮೇಲೆ ಹೊಸಬರಿಗೂ ಧೈರ್ಯ ಬರುತ್ತದೆ, ಸುಮ್ನೆ ಊಹಿಸಿ ಹೆಸರು ಹೇಳುವುದು ನಿಲ್ಲುತ್ತದೆ.

ನಮ್ಮ ದೇಶದ ಹಕ್ಕಿ ಶಾಸ್ತ್ರದ ದೊಡ್ಡ ಹೆಸರು ಸಲೀಂ ಅಲಿ ಕೂಡ ಒಬ್ಬರ ಮುಂದೆ ಹೀಗೆ ಹೋಗಿ ನಿಂತವರೇ. ಹುಡುಗನಾಗಿದ್ದಾಗ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಗುರುತು ಕಂಡು, ಅದೇನೆಂದು ಕೇಳಲು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲರ್ಡ್ ಹಕ್ಕಿ ಯಾವುದೆಂದು ಹೇಳಿದರು. ಅಷ್ಟಕ್ಕೇ ಕಳಿಸದೆ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೂ ತೋರಿಸಿ ಓದಲು ಪುಸ್ತಕ ಕೊಟ್ಟರು. ಅವತ್ತು ಮಿಲ್ಲರ್ಡ್ ‘ಬರೀ ಗುಬ್ಬಿ’ ಅಂದಿದ್ದರೆ?

ಹೆಜ್ಜೆ 8: ಆ್ಯಪ್ ಬಗ್ಗೆ ಜಗಳ ಬೇಡ

ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್‌ನಲ್ಲಿ ಕೂಗು ಕೇಳಿ ಹೆಸರು ಹೇಳುವ ಸೌಲಭ್ಯ 2021ರಲ್ಲಿ ಬಂತು. ಅಂದಿನಿಂದ ಎರಡು ಪಂಗಡ. ಹೊಸಬರು ಫೋನ್ ಹೇಳಿದ್ದೇ ವೇದ ಅನ್ನುತ್ತಾರೆ. ಹಳಬರು ‘ಇದೆಲ್ಲ ಬರ್ಡಿಂಗಾ?’ ಅಂತ ಮೂಗು ಮುರಿಯುತ್ತಾರೆ. ಇಬ್ಬರದ್ದೂ ಅತಿಯಾಯಿತು. ಮೊದಲ ತಿಂಗಳಲ್ಲಿ ಕೂಗಿಗೂ ಹೆಸರಿಗೂ ಗಂಟು ಹಾಕಲು ಅದಕ್ಕಿಂತ ಒಳ್ಳೆ ಸಾಧನ ಇಲ್ಲ. ಆದರೆ ಕೊಡಗಿನ ತೋಟದಲ್ಲಿ ಭೀಮರಾಜ ಇದೆ, ಎಲೆಹಕ್ಕಿ ಇದೆ. ಎರಡೂ ಬೇರೆ ಹಕ್ಕಿಗಳ ದನಿ ಕದಿಯುವ ಕಳ್ಳರು. ಫೋನ್ ಮೋಸ ಹೋಗುತ್ತದೆ. ತೋಡಿನ ಸದ್ದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಸದ್ದು ಇದ್ದರೆ ಇನ್ನೂ ಕಷ್ಟ.

ಗುಂಪಿಗೆ ಒಂದು ನಿಯಮ ಮಾಡಿಕೊಳ್ಳಿ: ಆ್ಯಪ್ ಹೇಳಿದ ಹಕ್ಕಿಯನ್ನು ಹುಡುಕಿ ನೋಡಬೇಕು, ಇಲ್ಲವೇ ಕೂಗು ಗೊತ್ತಿರುವ ಒಬ್ಬರು ಒಪ್ಪಬೇಕು. ಆಮೇಲೆ ಪಟ್ಟಿಗೆ. ತೋಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ನಮ್ಮ ಪ್ರದೇಶದ ಹಕ್ಕಿ ಪ್ಯಾಕ್ ಮನೆಯಲ್ಲೇ ಇಳಿಸಿಕೊಂಡು ಬರಲು ಹೇಳಿ. ಅದೇ ಆ್ಯಪ್‌ನಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿ ಕರೆಯುವುದು ಮಾತ್ರ ಬೇಡ. ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ.

ಹೆಜ್ಜೆ 9: ಕ್ಯಾಮೆರಾ ಇರುವವರಿಗೆ

ಮೊದಲು ಎಲ್ಲರೂ ನೋಡಲಿ, ಆಮೇಲೆ ಫೋಟೋ. ಲೆನ್ಸ್ ದೊಡ್ಡದಿದ್ದ ಮಾತ್ರಕ್ಕೆ ಜಾಗ ಮುಂದಿನದು ಆಗುವುದಿಲ್ಲ. ಹೊಸಬರು ಬೈನಾಕ್ಯುಲರ್‌ಗೆ ಫೋನ್ ಒತ್ತಿ ತೆಗೆದ ಮಸುಕು ಫೋಟೋ ಗುರುತು ಹಿಡಿಯಲು ಧಾರಾಳವಾಗಿ ಸಾಕು, ಅದನ್ನು ನೋಡಿ ನಗಬೇಡಿ. ಗೂಡು ಅಥವಾ ಕಪ್ಪೆಬಾಯಿ ಹಕ್ಕಿ (ಫ್ರಾಗ್‌ಮೌತ್) ಹಗಲು ಕೂರುವ ಕೊಂಬೆ ಸಿಕ್ಕಿದರೆ ಜಾಗ ಯಾರಿಗೂ ಹೇಳಬಾರದು ಅಂತ ಮೊದಲೇ ಮಾತಾಗಲಿ. ಈ ವಿಷಯದಲ್ಲಿ ಹೊಸಬರಿಗಿಂತ ಹಳಬರಿಗೇ ಜಾಸ್ತಿ ಹೇಳಬೇಕಾಗುತ್ತದೆ.

ಹೆಜ್ಜೆ 10: ಪಟ್ಟಿಯನ್ನು ಹೊಸಬರ ಕೈಗೆ ಕೊಡಿ

ನಡಿಗೆ ಮುಗಿದ ಮೇಲೆ ಅಕ್ಕಿ ಒಟ್ಟಿ (ರೊಟ್ಟಿ), ಬೆಲ್ಲದ ಕಾಫಿ ಮುಂದಿಟ್ಟುಕೊಂಡು ಪಟ್ಟಿ ಓದಿ. ಬರೆಯುವವರು ಹೊಸಬರಾಗಿರಲಿ. ಬರೆಯುವವರು ಎಲ್ಲರಿಂದಲೂ ಕೇಳಲೇಬೇಕು, ಹಾಗೆ ತಾನಾಗಿ ಕಲಿಯುತ್ತಾರೆ. ‘ನನಗೆ ಇದು ಕಾಣಲಿಲ್ಲ’ ಅನ್ನುವುದಕ್ಕೂ ಇಲ್ಲಿ ಅವಕಾಶ ಇರಲಿ. ಗುಂಪಿನ ಪಟ್ಟಿ ಹಂಚಿಕೊಂಡ ಮೇಲೆ ತಾವು ನೋಡದ, ಕೇಳದ ಹಕ್ಕಿಯನ್ನು ತಮ್ಮ ಖಾತೆಯಿಂದ ತೆಗೆಯುವುದು ಹೇಗೆ ಅಂತ ತೋರಿಸಿ.

ಇ-ಬರ್ಡ್ 2002ರಿಂದ ಇದೆ. ಅದರ ‘ಸಂಪೂರ್ಣ ಪಟ್ಟಿ’ ಅನ್ನುವುದನ್ನು ನೋಡಿ ಹೊಸಬರು ಹೆದರುತ್ತಾರೆ: ನನಗೆ ಹತ್ತೇ ಹಕ್ಕಿ ಗೊತ್ತು, ಸಂಪೂರ್ಣ ಹೇಗಾಗುತ್ತದೆ? ಅದರ ಅರ್ಥ ಬೇರೆ. ನಿಮಗೆ ಗುರುತಿಸಲು ಆದ ಎಲ್ಲ ಹಕ್ಕಿಗಳನ್ನೂ, ಕಾಗೆ-ಮೈನಾ ಬಿಡದೆ, ಬರೆದಿದ್ದೀರಾ ಅನ್ನುವುದಷ್ಟೇ ಪ್ರಶ್ನೆ. ಅಪರೂಪದ ಹಕ್ಕಿ ಮಾತ್ರ ಬರೆದು ಉಳಿದದ್ದು ಬಿಟ್ಟ ಹಳಬರ ಪಟ್ಟಿ ಸಂಪೂರ್ಣ ಅಲ್ಲ. ಹತ್ತೇ ಹಕ್ಕಿ ಗೊತ್ತಿದ್ದು ಹತ್ತನ್ನೂ ಬರೆದವರದ್ದು ಸಂಪೂರ್ಣ.

ಮುಂದೆ ಒಂದು ದಿನ ಅವರ ದಾಖಲೆಯ ಬಗ್ಗೆ ‘ವಿವರ ಕೊಡಿ’ ಅಂತ ಪ್ರಶ್ನೆ ಬರುತ್ತದೆ. ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪವಾದ ಹಕ್ಕಿ ಬರೆದರೆ ಸ್ವಯಂಸೇವಕ ಪರಿಶೀಲಕರು ಕೇಳುತ್ತಾರೆ. ಇಪ್ಪತ್ತು ವರ್ಷ ಹಕ್ಕಿ ನೋಡಿದವರಿಗೂ ಕೇಳುತ್ತಾರೆ. ಅವಮಾನ ಅಂದುಕೊಂಡು ಖಾತೆ ಮುಚ್ಚುವವರೂ ಇದ್ದಾರೆ, ಹಾಗಾಗಿ ಮೊದಲೇ ಹೇಳಿಡಿ. ಏನು ಕಂಡಿತು, ಎಷ್ಟು ದೂರ, ಬೆಳಕು ಹೇಗಿತ್ತು, ಯಾವ ಹಕ್ಕಿ ಅಲ್ಲ ಅಂತ ಹೇಗೆ ತೀರ್ಮಾನಿಸಿದಿರಿ, ಇಷ್ಟು ಬರೆದರೆ ಆಯಿತು. ಸ್ಥಳದಲ್ಲೇ, ಪುಸ್ತಕ ತೆರೆಯುವ ಮೊದಲು ಬರೆದದ್ದಾಗಿದ್ದರೆ ಬೆಲೆ ಜಾಸ್ತಿ. ಪುಸ್ತಕ ನೋಡಿದ ಮೇಲೆ ಕಣ್ಣು ಕಾಣದ್ದನ್ನೂ ಕಂಡೆ ಅನ್ನುತ್ತದೆ.

ಫೆಬ್ರವರಿಯ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆ ಹೊಸಬರಿಗೆ ಹೇಳಿ ಮಾಡಿಸಿದ್ದು. ಭಾರತದಲ್ಲಿ 2013ರಿಂದ ನಡೆಯುತ್ತಿದೆ. ನಾಲ್ಕು ದಿನ, ಒಂದು ಸಲಕ್ಕೆ ಕನಿಷ್ಠ ಹದಿನೈದು ನಿಮಿಷ ಎಣಿಸಿದರೆ ಸಾಕು, ಮನೆ ಅಂಗಳದಲ್ಲೇ ಆಗುತ್ತದೆ.

ಹೊಸಬರಿಗೆ

ಈಗ ನಿಮಗೆ. ಗಾಢ ಬಣ್ಣದ ಬಟ್ಟೆ ಬೇಡ, ಜಿಗಣೆ ಕಾಲ್ಚೀಲ ಇದ್ದರೆ ಒಳ್ಳೆಯದು, ನೋಟ್‌ಬುಕ್ ಕಡ್ಡಾಯ. ಮೊದಲ ದಿನ ಕಂಡ ಎಲ್ಲ ಹಕ್ಕಿಗಳ ಹೆಸರು ನೆನಪಿಡಲು ಹೋಗಬೇಡಿ. ಐದು ಆರಿಸಿಕೊಂಡು ಆ ವಾರ ಪೂರ್ತಿ ನಿಮ್ಮ ಮನೆ ಸುತ್ತ ಅವನ್ನೇ ನೋಡಿ. ನಿಮ್ಮದೇ ಒಂದು ಜಾಗ ಇಟ್ಟುಕೊಳ್ಳಿ: ಅಂಗಳ, ಗದ್ದೆ ಬದಿ, ಊರಿನ ದೇವರಕಾಡಿನ ಹೊರ ಅಂಚು, ಯಾವುದಾದರೂ ಆದೀತು. ಒಂದೇ ಜಾಗವನ್ನು ವರ್ಷವಿಡೀ ನೋಡಿದವರು ಊರೂರು ಸುತ್ತಿ ಪಟ್ಟಿ ಉದ್ದ ಮಾಡಿದವರಿಗಿಂತ ಬೇಗ ಪಳಗುತ್ತಾರೆ, ಇದು ನನ್ನ ಗಟ್ಟಿ ಅಭಿಪ್ರಾಯ.

ಬೈನಾಕ್ಯುಲರ್‌ನಲ್ಲಿ ಹಕ್ಕಿ ಸಿಗದಿದ್ದರೆ ‘ಸಿಗಲಿಲ್ಲ’ ಅನ್ನಿ. ‘ಕಾಣ್ತು’ ಅಂತ ಸುಳ್ಳು ಹೇಳಿದರೆ ನಷ್ಟ ನಿಮಗೇ. ‘ಯಾವ ಹಕ್ಕಿ?’ ಅಂತ ಕೇಳುವ ಬದಲು ‘ಅದು ಅಂತ ಹೇಗೆ ಗೊತ್ತಾಯ್ತು?’ ಅಂತ ಕೇಳಿ ನೋಡಿ. ನಿಜವಾಗಿ ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ. ‘ಅದೆಲ್ಲ ಅನುಭವ ಬೇಕು’ ಅಂತ ತಳ್ಳಿಹಾಕುವವರು ಸಿಕ್ಕಿದರೆ, ಮುಂದಿನ ವಾರ ಬೇರೆಯವರ ಜೊತೆ ನಡೆಯಿರಿ. ಅದಕ್ಕಾಗಿ ಹವ್ಯಾಸ ಬಿಡಬೇಡಿ.

ಮಳೆಗಾಲದಲ್ಲಿ ಗುಂಪು ಉಳಿಸಿಕೊಳ್ಳುವುದು

ಜೂನ್ ಬಂದರೆ ನಡಿಗೆ ನಿಲ್ಲುತ್ತದೆ. ಭಾಗಮಂಡಲದ ಕಡೆಯ ಮಳೆಯಲ್ಲಿ ಬೈನಾಕ್ಯುಲರ್ ಒಳಗೂ ಬೂಷ್ಟು ಹಿಡಿಯುತ್ತದೆ. ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನಾಲ್ಕು ತಿಂಗಳು ಮಾತಿಲ್ಲದಿದ್ದರೆ ಹೊಸಬರು ಮರಳಿ ಬರುವುದಿಲ್ಲ. ಜಗಲಿಯಲ್ಲಿ ಕೂತು ಮಾಡುವ ಕೆಲಸ ಕೊಡಿ. ತೋಡಿನ ಬದಿಯ ಮಲಬಾರ್ ಸಿಳ್ಳಾರ ಮಳೆಗಾಲದಲ್ಲೇ ಚೆನ್ನಾಗಿ ಹಾಡುವುದು, ಎಷ್ಟು ಗಂಟೆಗೆ ಶುರು ಮಾಡಿತು ಅಂತ ದಿನಾ ಬರೆಯಲಿ.

ಸೆಪ್ಟೆಂಬರ್‌ನಲ್ಲಿ, ಕೊಡವರ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ, ತೋಡಿನ ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಬೂದು ಸಿಪಿಲೆ ಬಂದಿದೆಯಾ ಅಂತ ನೋಡಲು ಹೇಳಿ. ಅಕ್ಟೋಬರ್‌ನಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ನವರಂಗ ಹಕ್ಕಿಯ (ಇಂಡಿಯನ್ ಪಿಟ್ಟಾ) ಎರಡು ದನಿಯ ಸಿಳ್ಳೆಗೆ ಕಿವಿಗೊಡಲಿ. ಯಾರ ಅಂಗಳದಲ್ಲಿ ಮೊದಲು ಬಂತು ಅಂತ ದಿನಾಂಕ ಬರೆದಿಟ್ಟು, ತುಲಾ ಸಂಕ್ರಮಣದ ನಂತರದ ಮೊದಲ ನಡಿಗೆಗೆ ಅವರ ತೋಟವನ್ನೇ ಆರಿಸಿ. ಅವತ್ತು ಗೇಟಿನಿಂದ ಕಾಫಿ ಕಣದವರೆಗೆ ದಾರಿ ತೋರಿಸುವುದು ಅವರ ಕೆಲಸ. ಹಳಬರು ಹಿಂದೆ ನಡೆಯಲಿ, ಕೇಳಿದರೆ ಮಾತ್ರ ಬಾಯಿ ಬಿಡಲಿ.